ಗುರುತಿನ ಮಸಿ

"ನಾನು ಗುರುತು ಹಾಕಿದ್ದು ಎಲ್ಲಿಗೆ? ಮೊಣಕಾಲಿಗೆ. ಈಗ ಇವಳು ಹಿಡ್ಕೊಂಡು ಅಳ್ತಿರೋದು ಏನನ್ನ? ಪಾದದ ಗಂಟನ್ನ! ಏನಮ್ಮ, ಬೆಳಗಾಗೋದ್ರೊಳಗೆ ನಿನ್ನ ಮಗಳ ನೋವು ಮನೆ ಬದಲಾಯಿಸ್ತಾ? ಮೊಣಕಾಲಲ್ಲಿ ನಲ್ಲಿ ನೀರು ಬರ್ತಿರ್ಲಿಲ್ವಾ?"

ಸಾಲಿನಲ್ಲಿ ನಿಂತವರು ನಕ್ಕರು. ಲಾಂಡ್ರಿಯ ಬೆಳಗಿನ ಹಾಜರಿಯಲ್ಲಿ ಮೇಸ್ತ್ರಿ ತಮಾಷೆ ಮಾಡಿದಾಗ ನಗದವರಿಗೆ ಹಸಿಬಟ್ಟೆಯ ಕಡೆ ಕೆಲಸ ಬೀಳುತ್ತಿತ್ತು. ಅದಕ್ಕೇ ನಕ್ಕರು.

"ಮೊಣಕಾಲೇ ಮೇಸ್ತ್ರಿ," ಎಂದಳು ಇಸ್ತ್ರಿಯವಳು. ಮಗಳ ತೋಳನ್ನು ಹಿಂದಿನಿಂದ ಚಿವುಟಿದಳು. "ಹೇಳೇ. ಮೊಣಕಾಲು ಅನ್ನು."

ಎಂಟು ವರ್ಷದ ಹುಡುಗಿ. ಅಮ್ಮನ ಮುಖ ನೋಡಿದಳು. ಮೇಸ್ತ್ರಿಯ ಮುಖ ನೋಡಿದಳು.

"ಅದು ನಿನ್ನೆ ನೋಯ್ತಿತ್ತು," ಎಂದಳು. "ಇವತ್ತು ಇಲ್ಲಿ."

ಪಾದದ ಗಂಟು ಊದಿ ಕೆಂಪಗಾಗಿತ್ತು. ಮೊಣಕಾಲು ಚೆನ್ನಾಗಿಯೇ ಇತ್ತು. ಅದರ ಮೇಲೆ ನಿನ್ನೆ ಹಾಕಿದ ಕರೀ ಮಸಿಯ ಗುರುತು ಮಾತ್ರ ಇತ್ತು, ದೊಡ್ಡದಾಗಿ, ಬಟ್ಟೆಗೆ ಹಾಕುವ ಹಾಗೆಯೇ.

"ಹುಡುಗಿ ನಿಜ ಹೇಳ್ತಿದ್ದಾಳೆ."

ಅಂದದ್ದು ಮಡಚುವ ಮೇಜಿನ ಹೆಂಗಸು. ಅಂದ ಮೇಲೆ ತಾನೇಕೆ ಅಂದೆ ಎಂದು ಅವಳಿಗೂ ಗೊತ್ತಾಗಲಿಲ್ಲ. ಅಷ್ಟು ಹೇಳುವುದರೊಳಗೆ ಉಸಿರು ಕಟ್ಟಿತು. ಮೇಜು ಹಿಡಿದುಕೊಂಡಳು.

ಮೇಸ್ತ್ರಿ ಕೈಯಲ್ಲಿದ್ದ ಬ್ರಷ್ಷನ್ನು ಮಸಿ ಶೀಸೆಯೊಳಗೆ ಇಳಿಬಿಟ್ಟು ತಿರುಗಿದ. "ನೋಡ್ರಪ್ಪಾ, ಸಾಕ್ಷಿ ಹೇಳೋಕೆ ಯಾರು ಬಂದ್ರು! ನೆಪ! ಸಣ್ಣ ನೆಪಕ್ಕೆ ದೊಡ್ಡ ನೆಪ ಸಾಕ್ಷಿ!"

ಮತ್ತೆ ನಕ್ಕರು. ಈ ಸಲ ನಿಜವಾಗಿಯೇ ನಕ್ಕರು. ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಹಾಗೆ. ನೆಪ. ಒಂಬತ್ತನೇ ವಯಸ್ಸಿನಿಂದ ಅದೇ ಹೆಸರು. ಈಗ ಮೂವತ್ತೊಂದು.

"ನೆಪ," ಎಂದ ಮೇಸ್ತ್ರಿ, ದನಿ ಇಳಿಸಿ. ಅಂಗಿಯ ಜೇಬನ್ನು ಎರಡು ಬೆರಳಿನಿಂದ ತಟ್ಟಿದ. "ನಿನ್ನ ಚೀಟಿ ಗುರುವಾರಕ್ಕಲ್ವಾ? ಇವತ್ತು ಮಂಗಳವಾರ. ಎರಡು ದಿನ ಬಾಯಿಗೆ ಬೀಗ ಹಾಕ್ಕೊಂಡಿರೋಕಾಗಲ್ವಾ ನಿನಗೆ?"

ಅವಳು ದಿಂಬಿನ ಕವರು ಕೈಗೆತ್ತಿಕೊಂಡಳು. ಮಡಚಿದಳು.

"ನಾಳೆ ಒಂದು ದಿನ ಕೊಡ್ತೀನಿ," ಎಂದ ಮೇಸ್ತ್ರಿ ಇಸ್ತ್ರಿಯವಳಿಗೆ. "ನಾಳೆ ಮೊಣಕಾಲು ಅಂದ್ರೆ ಚೀಟಿ. ಬೇರೆ ಇನ್ನೇನಾದ್ರೂ ಅಂದ್ರೆ ಕಾಟು."

ಈ ಮಾತು ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಓದುವವರಿಗೆ ಹೇಳಬೇಕು.

ಗುಡ್ಡದ ಮೇಲೆ ಆಸ್ಪತ್ರೆ, ಏಳು ಅಂತಸ್ತು. ಇಳಿಜಾರಿನ ಕೊನೆಗೆ ಲಾಂಡ್ರಿ, ತಗಡಿನ ಶೆಡ್ಡು. ಶೆಡ್ಡಿನ ಹಿಂದೆ ಕೆಲಸದವರ ಸಾಲುಮನೆ. ಒಂದು ಕೋಣೆಗೆ ಒಂಬತ್ತು ಜನ, ಹತ್ತು ಜನ. ಒಬ್ಬರು ಮಗ್ಗಲು ಬದಲಿಸಿದರೆ ಎಲ್ಲರೂ ಬದಲಿಸಬೇಕು. ಒಂದು ಮಗುವಿಗೆ ಗಂಟಲು ನೋವು ಬಂದರೆ ವಾರದಲ್ಲಿ ಎಲ್ಲ ಮಕ್ಕಳಿಗೂ ಬಂತು. ರಕ್ತ, ಕೀವು, ವಾಂತಿ ಮೆತ್ತಿದ ಹಾಸು ಹೊದಿಕೆಗಳು ಗಾಡಿಯಲ್ಲಿ ಇಳಿದು ಬರುತ್ತಿದ್ದವು, ಬೆಳ್ಳಗಾಗಿ ಮೇಲೆ ಹೋಗುತ್ತಿದ್ದವು. ಆಸ್ಪತ್ರೆಯ ಮುಂದಿನ ಬಾಗಿಲಿನಿಂದ ಲಾಂಡ್ರಿಯವರು ಹೋಗಬಾರದು. ಸೋಂಕು ತರುತ್ತಾರೆ ಎಂದು ಗೋಡೆಗೆ ಕಾಗದ ಅಂಟಿಸಿದ್ದರು. ಆಸ್ಪತ್ರೆಯ ಸೋಂಕನ್ನು ಬರಿಗೈಯಲ್ಲಿ ತಿಕ್ಕುವವರು ಆಸ್ಪತ್ರೆಗೆ ಸೋಂಕು ತರುತ್ತಾರಂತೆ. ಹಾಗೆ ಬರೆದವನು ಓದಿದವನು.

ಲಾಂಡ್ರಿಯವರಿಗೆ ಹಿಂದಿನ ಬಾಗಿಲು. ಹಿಂದಿನ ಬಾಗಿಲಿಗೆ ಮೇಸ್ತ್ರಿಯ ಚೀಟಿ ಬೇಕು. ಚೀಟಿಗೆ ಗುರುತು ಬೇಕು.

ಗುರುತಿನ ಕ್ರಮ ಶುರು ಮಾಡಿದವನು ಈ ಮೇಸ್ತ್ರಿಯ ಅಪ್ಪ, ಹಳೇ ಮೇಸ್ತ್ರಿ. ಯಾರಿಗಾದರೂ ನೋವು ಅಂದರೆ ಬೆಳಗಿನ ಹಾಜರಿಯಲ್ಲಿ ನೋವಿರುವ ಜಾಗ ತೋರಿಸಬೇಕು. ಬಟ್ಟೆಗೆ ವಾರ್ಡಿನ ನಂಬರು ಬರೆಯುವ ಮಸಿಯಿಂದ ಅಲ್ಲಿ ಗುರುತು ಹಾಕುತ್ತಾನೆ. ಸೋಡಾಕ್ಕೂ ಕುದಿನೀರಿಗೂ ಹೋಗದ ಮಸಿ ಅದು. ಮೂರನೇ ಹಾಜರಿಗೂ ನೋವು ಗುರುತಿದ್ದ ಜಾಗದಲ್ಲೇ ಇದ್ದರೆ ನೋವು ನಿಜ, ಚೀಟಿ ಸಿಗುತ್ತದೆ. ಬೇರೆ ಕಡೆ ಹೋಗಿದ್ದರೆ ಸುಳ್ಳು. ಸುಳ್ಳು ಹೇಳಿದವರ ಹಣೆಗೆ ಕಾಟು. ಹರಿದ ಹೊದಿಕೆಗೆ ಹಾಕುವ ಅಡ್ಡಗೀಟು ಅದು. ಕಾಟು ಬಿದ್ದ ಹೊದಿಕೆ ನೆಲ ಒರೆಸಲು ಹೋಗುತ್ತದೆ.

ಹಳೇ ಮೇಸ್ತ್ರಿ ದಡ್ಡನೇನಲ್ಲ. ಬೆನ್ನು ಹಿಡಿದವರಿಗೆ ಮೂರು ದಿನವೂ ಬೆನ್ನಲ್ಲೇ ನೋಯುತ್ತದೆ. ಕೈ ಸುಟ್ಟವರಿಗೆ ಕೈಯಲ್ಲೇ ನೋಯುತ್ತದೆ. ಅವನ ಲೆಕ್ಕಾಚಾರ ನೂರಕ್ಕೆ ತೊಂಬತ್ತೊಂಬತ್ತು ಸಲ ಸರಿಯಾಗಿತ್ತು.

ನೂರನೆಯದು ಅವಳದು.

ಒಂಬತ್ತು ವರ್ಷ ಆಗ. ಸಾಲುಮನೆಯಲ್ಲಿ ಮಕ್ಕಳಿಗೆಲ್ಲ ಗಂಟಲು ನೋವು ಬಂತು. ನುಂಗಲು ಆಗುತ್ತಿರಲಿಲ್ಲ. ಉಪ್ಪುನೀರು ಮುಕ್ಕಳಿಸಿದರು, ಹೋಯಿತು. ಮೂರು ವಾರ ಬಿಟ್ಟು ಅವಳಿಗೊಬ್ಬಳಿಗೆ ಜ್ವರ. ಬಲ ಮೊಣಕಾಲು ಕುಂಬಳಕಾಯಿಯಂತೆ ಊದಿತು. ಹಳೇ ಮೇಸ್ತ್ರಿ ಗುರುತು ಹಾಕಿದ. ಮಾರನೆಯ ದಿನ ಮೊಣಕಾಲು ಇಳಿದು ಎಡ ಪಾದದ ಗಂಟು ಊದಿತು. ಅದರ ಮಾರನೆಯ ದಿನ ಮಣಿಕಟ್ಟು. ಆಮೇಲೆ ಮೊಣಕೈ. ಅವಳ ಅಮ್ಮನೂ ಚಿವುಟಿದ್ದಳು. ಅವಳ ಅಮ್ಮನೂ "ಮೊಣಕಾಲು ಅನ್ನೇ" ಎಂದು ಕಿವಿಯಲ್ಲಿ ಹೇಳಿದ್ದಳು. ಆದರೆ ಅವಳು ಮಗು. ನೋವು ಎಲ್ಲಿತ್ತೋ ಅಲ್ಲಿ ತೋರಿಸಿದಳು.

ಹಳೇ ಮೇಸ್ತ್ರಿ ಗದ್ದ ಹಿಡಿದು ಮುಖ ಎತ್ತಿ ಹಣೆಗೆ ಕಾಟು ಹಾಕಿದ. ಪಕ್ಕದಲ್ಲಿ ಮಸಿ ಶೀಸೆ ಹಿಡಿದು ನಿಂತಿದ್ದವನು ಅವನ ಮಗ, ಅವಳದೇ ವಯಸ್ಸಿನವನು. ಈಗಿನ ಮೇಸ್ತ್ರಿ.

ಮಸಿ ಹಣೆಯಿಂದ ಹೋಗಲು ಐದು ವಾರ ಬೇಕಾಯಿತು. ಆ ಐದು ವಾರವೂ ಶಾಲೆಗೆ ಹೋದಳು. ಅಮ್ಮ ಕಲ್ಲಿನಿಂದ ತಿಕ್ಕಿದಳು. ಚರ್ಮ ಹೋಯಿತು, ಮಸಿ ಹೋಗಲಿಲ್ಲ. ಕೀಲುಗಳೆಲ್ಲ ತಾವಾಗಿಯೇ ಸರಿಹೋದವು. ಒಂದಿಷ್ಟೂ ಸೊಟ್ಟಗಾಗಲಿಲ್ಲ. ನೋಡಿದ್ರಾ, ಎಲ್ಲಾ ನೆಪ, ಎಂದರು ಜನ. ಅಮ್ಮನೂ ಹಾಗೇ ನಂಬಿದಳು. ಸಾಯುವವರೆಗೂ ನಂಬಿದ್ದಳು.

ಹನ್ನೆರಡಕ್ಕೆ ಮತ್ತೆ ಬಂತು. ಹದಿನೈದಕ್ಕೆ ಮತ್ತೆ. ಆ ಎರಡು ಸಲ ಅವಳು ಯಾರಿಗೂ ಏನನ್ನೂ ತೋರಿಸಲಿಲ್ಲ. ಜ್ವರದಲ್ಲೇ ಹಸಿ ಹೊದಿಕೆ ಹಿಂಡಿದಳು. ಒಂದು ಒಣ ಹೊದಿಕೆ ಏನೂ ಭಾರವಲ್ಲ. ನೀರು ಕುಡಿದ ಹೊದಿಕೆ ಹೆಣದಷ್ಟು ಭಾರ. ಅಂಥ ಮುನ್ನೂರು, ದಿನಕ್ಕೆ. ಮದುವೆಯಾಯಿತು. ಒಂದು ಬಸಿರು ನಾಲ್ಕು ತಿಂಗಳಿಗೆ ಹೋಯಿತು. ನಾಲ್ಕು ಮೆಟ್ಟಿಲು ಹತ್ತಿ ಏದುಸಿರು ಬಿಡುವ ಹೆಂಗಸಿನ ಜೊತೆ ಸಂಸಾರ ಮಾಡೋದು ಹೇಗೆ ಎಂದು ಗಂಡ ಹೋದ. ಮಲಗಿದರೆ ಉಸಿರು ಕಟ್ಟುತ್ತಿತ್ತು. ಗೋಡೆಗೆ ಒರಗಿ ಕೂತು ನಿದ್ದೆ ಮಾಡುವುದನ್ನು ಕಲಿತಳು. ಕೋಣೆಯಲ್ಲಿದ್ದವರಿಗೆ ಅದರಿಂದ ಸ್ವಲ್ಪ ಜಾಗ ಸಿಕ್ಕಿತು.

ಮೂರು ತಿಂಗಳ ಹಿಂದೆ ಹಿಂಡುವ ಯಂತ್ರದ ಮುಂದೆ ಬಿದ್ದಳು. ಕೆಮ್ಮಿದಾಗ ಎಳೆಯಷ್ಟು ರಕ್ತ ಬಂತು. ಬೆಳ್ಳನೆಯ ಹೊದಿಕೆಯ ಮೇಲೆ ರಕ್ತ ಬಿದ್ದದ್ದಕ್ಕೆ ಮೇಸ್ತ್ರಿ ಹೆದರಿ, ಗುರುತಿಲ್ಲದೆಯೇ ಚೀಟಿ ಬರೆದುಕೊಟ್ಟ. ಬಾಯ್ಲರ್ ನೋಡಿಕೊಳ್ಳುವ ತಾತ ಎತ್ತಿಕೊಂಡು ಹೋದ.

ಕನ್ನಡಕದ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದಳು. ಪರದೆಯ ಮೇಲೆ ಹೃದಯವನ್ನು ತೋರಿಸಿದಳು. ಬೂದುಬಣ್ಣದ್ದೇನೋ ಮಿಸುಕಾಡುತ್ತಿತ್ತು.

"ಚಿಕ್ಕವರಿದ್ದಾಗ ಕೀಲುನೋವು ಬಂದಿತ್ತಾ? ಇವತ್ತು ಇಲ್ಲಿ, ನಾಳೆ ಅಲ್ಲಿ, ಹಾಗೆ?"

ಅವಳು ಡಾಕ್ಟರ ಮುಖವನ್ನೇ ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಇವಳು ಹೇಳೋದು ಸುಳ್ಳೇ ಇರಬೇಕು ಎಂಬ ಮುಖ ಮಾಡದೆ ಯಾರೂ ಕೇಳಿರಲಿಲ್ಲ.

"ಬಂದಿತ್ತು," ಎಂದಳು. "ನಿಮಗೆ ಹೇಗೆ ಗೊತ್ತು?"

"ಅದರ ಗುಣವೇ ಹಾಗೆ. ರುಮ್ಯಾಟಿಕ್ ಜ್ವರ ಅಂತಾರೆ. ಗಂಟಲಿಗೆ ಬರೋ ರೋಗಾಣು ಇರುತ್ತಲ್ಲ, ಮೈ ಅದರ ಜೊತೆ ಜಗಳಕ್ಕೆ ನಿಲ್ಲುತ್ತೆ. ಜಗಳದಲ್ಲಿ ತನ್ನವರು ಯಾರು, ಹೊರಗಿನವರು ಯಾರು ಅಂತ ಗೊತ್ತಾಗದೆ ತನ್ನನ್ನೇ ಹೊಡ್ಕೊಳ್ಳುತ್ತೆ. ಕೀಲು ವಾಸಿ ಆಗುತ್ತೆ. ಹೃದಯದ ಕವಾಟ ವಾಸಿ ಆಗಲ್ಲ. ಪ್ರತಿ ಸಲ ಜ್ವರ ಮರಳಿ ಬಂದಾಗಲೂ ಇನ್ನಷ್ಟು ದಪ್ಪ, ಇನ್ನಷ್ಟು ಬಿಗಿ. ನಿಮ್ಮದು ಈಗ ಸಣ್ಣ ಸಂದು ಅಷ್ಟೇ ತೆರೆಯುತ್ತೆ. ಮೊದಲನೇ ಸಲವೇ ಕರ್ಕೊಂಡು ಬಂದು ಮೂರು ವಾರಕ್ಕೊಂದು ಇಂಜೆಕ್ಷನ್ ಹಾಕಿಸಿದ್ರೆ..."

ಡಾಕ್ಟರಮ್ಮ ಅಲ್ಲಿಗೇ ನಿಲ್ಲಿಸಿದಳು. ಒಳ್ಳೆಯವಳು. ತೊಡೆಯಿಂದ ತಂತಿ ತೂರಿಸಿ ಬಲೂನು ಉಬ್ಬಿಸಿ ಕವಾಟ ಅಗಲಿಸುತ್ತೇವೆ ಎಂದಳು. ಮೂರು ತಿಂಗಳು ಬಿಟ್ಟು ದಿನ ಕೊಟ್ಟಳು. ಗುರುವಾರ. ಲಾಂಡ್ರಿಯ ಚೀಟಿ ತಂದರೆ ನೌಕರರ ಪಟ್ಟಿ. ತರದಿದ್ದರೆ ಸಾಮಾನ್ಯ ಪಟ್ಟಿ. ಸಾಮಾನ್ಯ ಪಟ್ಟಿ ಮುಂದಿನ ವರ್ಷದ ಕೊನೆಗೂ ಮುಗಿಯುವಂತಿರಲಿಲ್ಲ.

ಕವಾಟ ಎಂದರೆ ಏನು ಎಂದು ಬಾಯ್ಲರ್ ತಾತನನ್ನು ಕೇಳಿದಳು.

"ವಾಲ್ವು ಕಣವ್ವ," ಎಂದ ತಾತ. ಬಾಯ್ಲರಿನ ತಲೆಯ ಮೇಲಿದ್ದ ಕಬ್ಬಿಣದ ತಿರುಗಣಿ ತೋರಿಸಿದ. "ಇದೇ ಇದು. ಗಡಸು ನೀರು ಹರಿದೂ ಹರಿದೂ ಬಾಯಿಗೆ ಗಾರೆ ಕಟ್ಟುತ್ತೆ. ಪೂರ್ತಿ ಬಾಯಿ ಬಿಡಲ್ಲ. ಆಗ ಆವಿ ಮುಂದೆ ಹೋಗೋ ಬದಲು ಹಿಂದಕ್ಕೆ ಒತ್ತುತ್ತೆ. ಹಿಂದಿನ ಪೈಪೆಲ್ಲ ಉಬ್ಬಿ, ಎಲ್ಲೆಲ್ಲಿ ಕೀಲಿದೆಯೋ ಅಲ್ಲೆಲ್ಲ ಜಿನುಗುತ್ತೆ. ನಿನ್ನ ಎದೆಯಲ್ಲಿ ಹಿಂದಿನ ಪೈಪು ಅಂದ್ರೆ ಶ್ವಾಸಕೋಶ ಇರಬೇಕು."

"ಗಾರೆ ಕಟ್ಟಿದ್ರೆ ಏನು ಮಾಡ್ತೀರಿ ತಾತ?"

"ಬಾಯ್ಲರ್ ನಿಲ್ಲಿಸಿ ವಾಲ್ವು ಬಿಚ್ತೀನಿ. ಕಂಪನಿಯ ಬಾಯ್ಲರಲ್ವಾ, ಬೇಗ ಬಿಚ್ಚೋಕೆ ಹೇಳ್ತಾರೆ."

ಅವಳಿಗೆ ನಗು ಬಂತು. ನಗಲು ಉಸಿರಿರಲಿಲ್ಲ.

ಮಂಗಳವಾರ ಮಧ್ಯಾಹ್ನ ಊಟದ ಗಂಟೆಗೆ ಅವಳು ಇಸ್ತ್ರಿಯವಳ ಕೋಣೆಗೆ ಹೋದಳು. ಹುಡುಗಿ ಚಾಪೆಯ ಮೇಲೆ ಮಲಗಿದ್ದಳು. ತಾಯಿ ಪಕ್ಕದಲ್ಲಿ ಕೂತು ಪಾಠ ಹೇಳಿಕೊಡುತ್ತಿದ್ದಳು.

"ಎಲ್ಲಿ ನೋವು?"

"ಮೊಣಕಾಲು."

"ನಾಳೆ ಮೇಸ್ತ್ರಿ ಕೇಳಿದ್ರೆ?"

"ಮೊಣಕಾಲು."

"ಬೇರೆ ಎಲ್ಲೂ ಇಲ್ವಾ?"

ಹುಡುಗಿ ಕೈ ಎತ್ತಲು ನೋಡಿದಳು. "ಕೈ ಎತ್ತೋಕೆ ಆಗ್ತಿಲ್ಲಮ್ಮ," ಎಂದಳು.

ತಾಯಿ ಅವಳ ಬಾಯಿಯ ಮೇಲೆ ಫಟ್ಟನೆ ಕೊಟ್ಟಳು. ಕೊಟ್ಟ ಕೈಯಲ್ಲೇ ಕೂದಲು ಸವರಿದಳು.

"ಹೊಡೀಬೇಡ," ಎಂದಳು ನೆಪ. ಬಾಗಿಲಿಗೆ ಒರಗಿ ಉಸಿರು ಸರಿಮಾಡಿಕೊಂಡಳು. "ಗಂಟಲು ನೋವು ಬಂದಿತ್ತಾ ಇವಳಿಗೆ?"

"ಬಂದಿತ್ತಕ್ಕ. ಮಕ್ಕಳಿಗೆಲ್ಲ ಬಂದಿತ್ತಲ್ಲ. ವಾಸಿ ಆಯ್ತು."

"ಎಷ್ಟು ದಿನ ಆಯ್ತು?"

"ಮೂರು ವಾರ ಇರಬಹುದು."

ನೆಪ ಬಗ್ಗಿ ಹುಡುಗಿಯ ಎದೆಯ ಮೇಲೆ ಅಂಗೈ ಇಟ್ಟಳು. ಬಟ್ಟೆಯಿಲ್ಲದೆ ಖಾಲಿ ತಿರುಗುವ ಹಿಂಡುವ ಯಂತ್ರದ ಹಾಗೆ ಅದುರುತ್ತಿತ್ತು.

"ಇದು ಕಾಲಿನ ರೋಗ ಅಲ್ಲ. ಇವಳನ್ನ ಇವತ್ತೇ ಮೇಲಕ್ಕೆ ಕರ್ಕೊಂಡು ಹೋಗು."

"ಯಾವ ಬಾಗಿಲಿಂದ ಹೋಗಲಿ?" ಇಸ್ತ್ರಿಯವಳು ತಲೆ ಎತ್ತಿದಳು. "ಮುಂದಿನ ಬಾಗಿಲಿಂದಾ? ಹೋಗಿ ಬಂದೋರ ಸಾಮಾನು ಸಂಜೆಗೆ ಗೇಟಿನ ಹೊರಗಿತ್ತು. ನೀನೇ ನೋಡಿದ್ದೀಯ. ನಾಳೆ ಒಂದಿನ ಅಕ್ಕ. ನಾಳೆ ಮೊಣಕಾಲು ಅಂತ ಹೇಳಿಸ್ತೀನಿ. ಚೀಟಿ ಸಿಗುತ್ತೆ. ನಾನೂ ಹೆತ್ತವಳೇ, ನನಗೇನು ಹೊಟ್ಟೆ ಉರಿಯಲ್ವಾ?" ಗೋಡೆ ನೋಡಿಕೊಂಡು ಅಂದಳು: "ನಿನಗೂ ಗುರುವಾರ ಇದೆ. ನೀನೂ ಸುಮ್ಮನಿರೋದು ಒಳ್ಳೇದು."

ಅದು ಬೆದರಿಕೆಯಾಗಿರಲಿಲ್ಲ. ಅಕ್ಕರೆಯಿಂದಲೇ ಹೇಳಿದ್ದು. ಸಾಲುಮನೆಯಲ್ಲಿ ಅವಳನ್ನು ಅಕ್ಕ ಎಂದು ಕರೆಯುತ್ತಿದ್ದವಳು ಇವಳೊಬ್ಬಳೇ.

ನೆಪ ಸುಮ್ಮನೆ ವಾಪಸು ಬಂದಳು. ಸಂಜೆಯವರೆಗೆ ನಾನೂರು ದಿಂಬಿನ ಕವರು ಮಡಚಿದಳು. ನಾಲ್ಕು ಮೂಲೆ ಕೂಡಿಸು, ಅರ್ಧ, ಮತ್ತೆ ಅರ್ಧ, ಒತ್ತು, ಪಕ್ಕಕ್ಕೆ. ಗುರುವಾರ ಎಂದುಕೊಂಡಳು. ಅರ್ಧ, ಮತ್ತೆ ಅರ್ಧ. ಗುರುವಾರ. ಒಳಗೆ ಏನೂ ಇರಲಿಲ್ಲ. ಕೋಪವೂ ಇರಲಿಲ್ಲ. ಹಣೆಗೆ ಕಾಟು ಬಿದ್ದ ದಿನವೂ ಹೀಗೇ ಇತ್ತು. ಅವತ್ತು ಅವಳು ಅತ್ತಿರಲಿಲ್ಲ. ಅಳದಿದ್ದದ್ದಕ್ಕೆ, ನೋಡು ಎಷ್ಟು ಗಟ್ಟಿಗಿತ್ತಿ ಸುಳ್ಳಿ, ಎಂದಿದ್ದರು.

ಬುಧವಾರ ಬೆಳಿಗ್ಗೆ ಹಾಜರಿ. ತಾಯಿ ಮಗಳನ್ನು ಸೊಂಟದ ಮೇಲೆ ಹೊತ್ತು ತಂದು ಸಾಲಿನಲ್ಲಿ ಇಳಿಸಿದಳು. ಹುಡುಗಿ ನಿಲ್ಲಲಾರದೆ ಅಮ್ಮನ ಕಾಲಿಗೆ ಒರಗಿದಳು.

"ಏನು ಮರಿ," ಎಂದ ಮೇಸ್ತ್ರಿ, ಮೆತ್ತಗೆ. ಅವನಿಗೂ ಮಕ್ಕಳಿದ್ದರು. "ಎಲ್ಲಿ ನೋವು?"

ಹುಡುಗಿ ಬಾಯಿ ತೆರೆದಳು. "ಮೊಣ..." ಎಂದಳು. ಅವಳ ಬಲಗೈ ತಾನಾಗಿಯೇ ಎಡ ಮಣಿಕಟ್ಟನ್ನು ಹಿಡಿದುಕೊಂಡಿತ್ತು. ಮಣಿಕಟ್ಟು ಬನ್ನಿನ ಹಾಗೆ ಉಬ್ಬಿತ್ತು. ಅವಳು ಅದನ್ನು ನೋಡಿಕೊಂಡಳು. ಮೊಣಕಾಲಿನ ಮೇಲಿದ್ದ ಮಸಿ ನೋಡಿಕೊಂಡಳು. ಎರಡರಲ್ಲಿ ಯಾವುದನ್ನು ಹೇಳಬೇಕು ಎಂದು ಗೊತ್ತಾಗದೆ ಅತ್ತಳು.

"ಕೈ," ಎಂದಳು.

ಇಸ್ತ್ರಿಯವಳು ಕಣ್ಣು ಮುಚ್ಚಿಕೊಂಡಳು.

"ಆಯ್ತು," ಎಂದ ಮೇಸ್ತ್ರಿ. "ನಾನು ಅವಕಾಶ ಕೊಟ್ಟೆ. ಎಲ್ಲರೂ ನೋಡಿದ್ದೀರಿ. ಇವಳಿಗೆ ಬಿಟ್ರೆ ನಾಳೆ ಎಲ್ಲರಿಗೂ ಬಿಡಬೇಕು." ಬ್ರಷ್ಷು ಅದ್ದಿದ. ಶೀಸೆಯ ಬಾಯಿಗೆ ಒರೆಸಿ ಹೆಚ್ಚಿನ ಮಸಿ ತೆಗೆದ. ಅವನ ಅಪ್ಪನೂ ಹೀಗೇ ಒರೆಸುತ್ತಿದ್ದ. ಎಡಗೈಯಲ್ಲಿ ಹುಡುಗಿಯ ಗದ್ದ ಹಿಡಿದು ಮುಖ ಎತ್ತಿದ.

ಅವನ ಬಲಗೈಯನ್ನು ಯಾರೋ ಹಿಡಿದುಕೊಂಡರು. ಹಿಡಿದದ್ದು ತಾನೇ ಎಂದು ನೆಪಳಿಗೆ ಗೊತ್ತಾದದ್ದು ಮಸಿ ತನ್ನ ಮುಂಗೈ ಮೇಲೆ ಹರಿದಾಗ.

"ಬಿಡು," ಎಂದ ಮೇಸ್ತ್ರಿ.

"ಬಿಡಲ್ಲ."

"ಏ, ಬಿಡೇ!"

"ಅವತ್ತು ಶೀಸೆ ಹಿಡ್ಕೊಂಡು ನಿಂತಿದ್ದೋನು ನೀನು." ಹತ್ತು ವರ್ಷದಿಂದ ಅವನನ್ನು ನೀವು ಎನ್ನುತ್ತಿದ್ದಳು. "ನನ್ನ ಹಣೆ ನೆನಪಿದೆಯಾ ನಿನಗೆ?"

"ಹಾಕಿದ್ದು ಅಪ್ಪ."

"ಶೀಸೆ ಹಿಡಿದಿದ್ದು ನೀನು."

ಮೇಸ್ತ್ರಿ ಹುಡುಗಿಯ ಗದ್ದ ಬಿಟ್ಟು, ಎಡಗೈಯಲ್ಲಿ ಜೇಬಿನಿಂದ ಚೀಟಿ ತೆಗೆದ. ನಾಲ್ಕು ಮಡಿಕೆಯ ಹಳದಿ ಕಾಗದ. ಅವಳ ಮುಖದ ಮುಂದೆ ಹಿಡಿದ.

"ಇದು ಬೇಡ್ವಾ ನಿನಗೆ?"

"ಬೇಕು."

"ಮತ್ತೆ?"

"ಬೇಕು. ನೀನೇ ಇಟ್ಕೋ."

ಅವಳು ಹುಡುಗಿಯನ್ನು ಎತ್ತಲು ಬಗ್ಗಿದಳು. ಎತ್ತಲಾಗಲಿಲ್ಲ. ಕಣ್ಣು ಕತ್ತಲೆ ಬಂತು. ಗೋಡೆಯ ಬಳಿಯಿದ್ದ ಬಟ್ಟೆ ಗಾಡಿ ಎಳೆದು ತಂದು, ಮಡಚಿದ್ದ ಹೊದಿಕೆಯೊಂದನ್ನು ಒಳಗೆ ಹಾಸಿದಳು. ಹುಡುಗಿಯ ಕಂಕುಳಿಗೆ ಕೈ ಕೊಟ್ಟಳು. ಹುಡುಗಿಯೇ ಒಂದು ಕಾಲೆತ್ತಿ ಹತ್ತಿಕೊಂಡಳು. ಯಾರೂ ಸಹಾಯಕ್ಕೆ ಬರಲಿಲ್ಲ. ಯಾರೂ ತಡೆಯಲೂ ಇಲ್ಲ. ತಾಯಿ ನಿಂತಲ್ಲೇ ನಿಂತಿದ್ದಳು, ಎರಡೂ ಕೈ ಬಾಯಿಗೆ ಒತ್ತಿಕೊಂಡು.

ಇಳಿಜಾರು ಇಳಿಯುವವರಿಗೆ ಇಳಿಜಾರು. ಹತ್ತುವವರಿಗೆ ಏರು. ಹತ್ತು ಹೆಜ್ಜೆ ಹಾಕಿ ನಿಲ್ಲುತ್ತಿದ್ದಳು. ಗಾಡಿ ಹಿಂದೆ ಜಾರದ ಹಾಗೆ ಚಕ್ರಕ್ಕೆ ಪಾದ ಅಡ್ಡ ಕೊಡುತ್ತಿದ್ದಳು. ಒಳಗಿನ ಕವಾಟ ಬಿಗಿಯಾಗಿತ್ತು. ಎದೆಯಲ್ಲಿ ನೀರು ತುಂಬಿದ ಸದ್ದು ಗೊರ ಗೊರ ಎನ್ನುತ್ತಿತ್ತು. ಮತ್ತೆ ಹತ್ತು ಹೆಜ್ಜೆ.

ಅರ್ಧ ದಾರಿಯಲ್ಲಿ ಹಿಂದಿನಿಂದ ಓಡುವ ಸದ್ದು. ಇಸ್ತ್ರಿಯವಳು. ಕೈಯಲ್ಲಿ ಮಗಳ ಚಪ್ಪಲಿ. ಗಾಡಿಯೊಳಗೆ ಹುಡುಗಿಯ ಕಾಲ ಬಳಿ ಇಟ್ಟಳು. ಜೋಡಿಯಾಗಿ, ನೇರ ಮಾಡಿ ಇಟ್ಟಳು.

"ನಾನು ಬಂದ್ರೆ ಕೋಣೆ ಹೋಗುತ್ತಕ್ಕ. ಇನ್ನೂ ಎರಡು ಮಕ್ಕಳಿವೆ ಅಲ್ಲಿ."

"ಬಾ ಅಂತ ನಾನು ಅನ್ನಲಿಲ್ಲವಲ್ಲ," ಎಂದಳು ನೆಪ. ಅಷ್ಟೇ ಮಾತಿಗೆ ಉಸಿರಿತ್ತು.

ಇಸ್ತ್ರಿಯವಳು ಏರು ಮುಗಿಯುವವರೆಗೂ ಗಾಡಿ ತಳ್ಳಿಕೊಟ್ಟಳು. ಆಮೇಲೆ ಓಡಿ ಇಳಿದು ಹೋದಳು.

ಮುಂದಿನ ಬಾಗಿಲಿನ ಕಾವಲಿನವನು ದೂರದಿಂದಲೇ ಕೈ ಅಡ್ಡ ಮಾಡಿದ. "ಹೋಯ್, ಗಾಡಿ ಹಿಂದಿನ ಬಾಗಿಲಿಗೆ!"

"ಬಟ್ಟೆ ಅಲ್ಲ."

ಅವನು ಬಗ್ಗಿ ನೋಡಿದ. ಹುಡುಗಿ ಅವನನ್ನು ನೋಡಿದಳು.

"ಲಾಂಡ್ರಿಯವರು ಇಲ್ಲಿಂದ ಬರಬಾರದು ಕಣಮ್ಮ. ನನ್ನ ಕೆಲಸ ಹೋಗುತ್ತೆ."

ಅವಳು ವಾದ ಮಾಡಲಿಲ್ಲ. ಬಾಗಿಲ ನಡುವೆ, ಗಾಜಿನ ಎರಡು ರೆಕ್ಕೆಗಳ ಮಧ್ಯೆ, ನೆಲದ ಮೇಲೆ ಕೂತುಬಿಟ್ಟಳು. ನಿಂತಿರಲು ಆಗುತ್ತಿರಲಿಲ್ಲ, ಅದೂ ನಿಜ. ಗಾಜಿನ ಬಾಗಿಲು ಮುಚ್ಚಿಕೊಳ್ಳಲು ಬಂದು, ಅವಳ ಭುಜಕ್ಕೆ ತಗುಲಿ, ಹಿಂದೆ ಹೋಗುತ್ತಿತ್ತು. ಮತ್ತೆ ಬರುತ್ತಿತ್ತು. ಒಳಗೆ ಹೋಗುವವರು, ಹೊರಗೆ ಬರುವವರು ಎಲ್ಲ ನಿಂತರು. ಯಾರೋ ಬೈದರು. ಅವಳು ಕೆಮ್ಮಿದಳು. ನುಣುಪಾದ ನೆಲದ ಮೇಲೆ ಗುಲಾಬಿ ಬಣ್ಣದ ನೊರೆ ಬಿತ್ತು. ಆಗ ಯಾರೋ ಓಡಿದರು, ಯಾರೋ ಕನ್ನಡಕದ ಡಾಕ್ಟರಮ್ಮನನ್ನು ಕರೆತಂದರು.

"ನೀವಾ? ನಾಳೆ ಅಲ್ವಾ ನಿಮ್ಮ ದಿನ?"

"ನನಗಲ್ಲ." ಗಾಡಿ ತೋರಿಸಿದಳು. "ಸೋಮವಾರ ಮೊಣಕಾಲು. ನಿನ್ನೆ ಪಾದ. ಇವತ್ತು ಕೈ. ಮೂರು ವಾರದ ಹಿಂದೆ ಗಂಟಲು."

ಡಾಕ್ಟರಮ್ಮ ಹೆಚ್ಚೇನೂ ಕೇಳಲಿಲ್ಲ. ಅಲ್ಲೇ, ಗಾಡಿಯಲ್ಲೇ, ಹುಡುಗಿಯ ಎದೆಗೆ ಕೊಳವೆ ಇಟ್ಟಳು. ಬಹಳ ಹೊತ್ತು ಕೇಳಿದಳು. ಆ ಹೊತ್ತು ಎಷ್ಟು ಉದ್ದ ಎಂದು ನೆಪಳಿಗೆ ಗೊತ್ತಿತ್ತು.

"ಶಬ್ದ ಇದೆ," ಎಂದಳು ಕೊನೆಗೆ. "ಸಣ್ಣದು. ಮೊದಲನೇ ಸಲ ಅಲ್ವಾ? ಈಗಲೇ ತಂದ್ರಿ. ಇದನ್ನ ಇಲ್ಲಿಗೇ ನಿಲ್ಲಿಸಬಹುದು."

ನಾಲ್ಕನೇ ಅಂತಸ್ತಿನಲ್ಲಿ ಹಾಸಿಗೆ ಕೊಟ್ಟರು. ಹಾಸಿಗೆಯ ಮೇಲಿನ ಹೊದಿಕೆಯ ಮೂಲೆಯಲ್ಲಿ ಮಸಿಯ ನಂಬರಿತ್ತು. ಅವಳೇ ಮಡಚಿದ್ದು ಇರಬಹುದು. ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿದಾಗ ಹುಡುಗಿ ಕಟ್ಟಡವೇ ಬೀಳುವ ಹಾಗೆ ಕಿರುಚಿದಳು. "ಇದು ಮೂರು ವಾರಕ್ಕೊಂದು," ಎಂದಳು ಡಾಕ್ಟರಮ್ಮ. "ವರ್ಷಗಟ್ಟಲೆ. ಒಂದೂ ತಪ್ಪಬಾರದು. ಅಮ್ಮ ಎಲ್ಲಿ?"

"ಇಸ್ತ್ರಿ ಹಾಕ್ತಿದ್ದಾಳೆ."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು. ಒಂದು ಕಾಗದ ಬರೆದಳು. ಸಾಲುಮನೆಯ ಎಲ್ಲ ಮಕ್ಕಳನ್ನೂ ಗಂಟಲು ಪರೀಕ್ಷೆಗೆ ಕಳಿಸಬೇಕು, ಚೀಟಿ ಬೇಡ, ಯಾವ ಬಾಗಿಲಿಂದಾದರೂ ಸರಿ. ಮೊಹರು ಒತ್ತಿ ಕೊಟ್ಟಳು. "ನಿಮ್ಮ ಚೀಟಿ?" ಎಂದು ಕೇಳಿದಳು.

"ಇಲ್ಲ."

"ನಾಳೆ ಬೆಳಿಗ್ಗೆಯೊಳಗೆ ತನ್ನಿ. ಅದಿಲ್ಲದೆ ಆಫೀಸಿನವರು ನೌಕರರ ಪಟ್ಟಿಗೆ ಬಿಡಲ್ಲ. ನನ್ನ ಕೈಲಿಲ್ಲ ಅದು."

"ಇಲ್ಲ ಡಾಕ್ಟರೇ. ಸಾಮಾನ್ಯಕ್ಕೇ ಬರೀರಿ."

ಸಾಮಾನ್ಯ ಪಟ್ಟಿಯ ಪುಸ್ತಕದಲ್ಲಿ ನಂಬರು ಬಿತ್ತು. ಇನ್ನೂರ ಹದಿನಾಲ್ಕು. ವಿಳಾಸ ಕೇಳಿದರು. ಅವಳು ಸ್ವಲ್ಪ ಯೋಚಿಸಿ, ಆಮೇಲೆ ಹೇಳ್ತೀನಿ, ಎಂದಳು. ಎರಡು ದಿನವಾದರೂ ಇಲ್ಲೇ ಮಲಗಿರಿ ಎಂದಳು ಡಾಕ್ಟರಮ್ಮ. ಗಾಡಿ ಅವರದು, ಕೊಟ್ಟು ಬರ್ತೀನಿ ಎಂದಳು ಅವಳು.

ಖಾಲಿ ಗಾಡಿ ಇಳಿಜಾರಿನಲ್ಲಿ ಅವಳನ್ನೇ ಎಳೆದುಕೊಂಡು ಬಂತು.

ಶೆಡ್ಡಿನೊಳಗೆ ಎಲ್ಲ ಕೈಗಳೂ ನಿಂತವು. ಇಸ್ತ್ರಿಯವಳು ಮೇಜಿನ ಹಿಂದಿನಿಂದ ನೋಡಿದಳು.

"ನಾಲ್ಕನೇ ಅಂತಸ್ತು," ಎಂದಳು ನೆಪ. "ಕಿಟಕಿ ಪಕ್ಕದ ಹಾಸಿಗೆ. ಉಳೀತಾಳೆ. ನಿನ್ನನ್ನ ಕೇಳ್ತಿದ್ದಾಳೆ."

ಇಸ್ತ್ರಿಯವಳು ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಬಟ್ಟೆ ಸುಡಬಾರದಲ್ಲ. ಆಮೇಲೆ ಹೋದಳು. ಮೇಸ್ತ್ರಿ "ಏಯ್!" ಎಂದ. ಅವಳು ಆಗಲೇ ಏರು ಹತ್ತುತ್ತಿದ್ದಳು.

ಮೇಸ್ತ್ರಿ ಡಾಕ್ಟರ ಕಾಗದ ಓದಿದ. ಎರಡು ಸಲ ಓದಿದ. ಮುಖ ಇಳಿಯಿತು. ನೆಪಳನ್ನು ಮಸಿ ಮೇಜಿನ ಬಳಿಗೆ ಕರೆದ. ಚೀಟಿ ತೆಗೆದು ಮೇಜಿನ ಮೇಲೆ ಬಿಚ್ಚಿಟ್ಟ.

"ತಗೋ," ಎಂದ. "ನಾವು ಒಟ್ಟಿಗೆ ಬೆಳೆದೋರು. ನೀನು ಸಾಯ್ಲಿ ಅಂತ ನನಗೇನಿಲ್ಲ. ಒಂದೇ ಒಂದು ಮಾತು ಹೇಳು, ಎಲ್ಲರ ಮುಂದೆ. ಹುಡುಗಿ ಸುಳ್ಳು ಹೇಳಿದ್ಲು, ನಾನು ದುಡುಕಿದೆ, ಅಂತ. ಅಷ್ಟೇ. ಇಲ್ಲಾಂದ್ರೆ ನಾಳೆ ಬೆಳಿಗ್ಗೆ ಒಬ್ಬೊಬ್ಬರೂ ಒಂದೊಂದು ಕಡೆ ಹಿಡ್ಕೊಂಡು ಮೇಲಕ್ಕೆ ಹೊರಡ್ತಾರೆ. ಬಟ್ಟೆ ನಾನು ಒಗೀಲಾ?"

ಅವಳು ಚೀಟಿಯನ್ನು ನೋಡಿದಳು. ಅವನ ಅಕ್ಷರ ಚೆನ್ನಾಗಿತ್ತು. ಶಾಲೆಯಲ್ಲೂ ಚೆನ್ನಾಗಿತ್ತು. ಚೀಟಿಯ ಪಕ್ಕದಲ್ಲಿ ಮಸಿ ಶೀಸೆ ಬಾಯಿ ತೆರೆದು ಕೂತಿತ್ತು. ಒಂದು ಮಾತು. ಒಂದು ಮಾತಿಗೆ ಅವಳ ಹತ್ತಿರ ಉಸಿರಿತ್ತು.

ಶೀಸೆಯ ಮುಚ್ಚಳ ಹುಡುಕಿದಳು. ಮೇಜಿನ ಕೆಳಗೆ ಬಿದ್ದಿತ್ತು. ಬಗ್ಗಿ ತೆಗೆದುಕೊಂಡಳು. ಎದ್ದು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಮೂವತ್ತು ಜನ ಕಾದರು. ಮುಚ್ಚಳ ಶೀಸೆಗೆ ಹಾಕಿದಳು. ತಿರುಗಿಸಿದಳು. ಇಪ್ಪತ್ತು ವರ್ಷ ಹೊದಿಕೆ ಹಿಂಡಿದ ಕೈ ಅದು. ಎಷ್ಟು ಬಿಗಿಯಾಗುತ್ತದೋ ಅಷ್ಟು ತಿರುಗಿಸಿದಳು.

"ಹುಡುಗಿ ನಿಜ ಹೇಳಿದ್ಲು," ಎಂದಳು. "ನಾನೂ ನಿಜ ಹೇಳಿದ್ದೆ."

ಚೀಟಿ ಮೇಜಿನ ಮೇಲೆಯೇ ಇತ್ತು. ಅವಳು ಸಾಲುಮನೆಗೆ ಹೋಗಿ ತನ್ನ ಎರಡು ಸೀರೆ, ಒಂದು ಲೋಟ, ಅಮ್ಮನ ಕಂಬಳಿ ಗಂಟು ಕಟ್ಟಿದಳು. ಗೋಡೆಗೆ ಒರಗಿ ನಿದ್ದೆ ಮಾಡುತ್ತಿದ್ದ ಜಾಗದಲ್ಲಿ ಬೆನ್ನಿನ ಆಕಾರಕ್ಕೆ ಸುಣ್ಣ ಹೋಗಿತ್ತು.

ಗೇಟಿನವನು ಹಾಜರಿ ಪುಸ್ತಕದಿಂದ ತಲೆ ಎತ್ತಿದ. ಬೆಳಗಿನ ಗಲಾಟೆ ಅವನವರೆಗೆ ಬಂದಿರಲಿಲ್ಲ.

"ಎಲ್ಲಿಗೆ ನೆಪ, ಈ ಹೊತ್ತಲ್ಲಿ? ಮಧ್ಯಾಹ್ನದ ಪಾಳಿಗೆ ಬರ್ತೀಯಲ್ಲ?"

ಅವಳಿಗೆ ಆಸ್ಪತ್ರೆಯ ಏರು ಹತ್ತಲು ಉಸಿರು ಬೇಕಿತ್ತು. ಹತ್ತು ಹೆಜ್ಜೆ ನಡೆದು ನಿಂತಳು. ಮತ್ತೆ ಹತ್ತು ಹೆಜ್ಜೆ. ಗೇಟಿನವನು ಅವಳ ಹೆಸರಿನ ಮುಂದೆ ಜಾಗ ಬಿಟ್ಟು ಪುಸ್ತಕ ಮುಚ್ಚಿದ.

ಮಧ್ಯಾಹ್ನದ ಪಾಳಿಗೆ ಅವಳು ಬರಲಿಲ್ಲ. ಮರುದಿನವೂ ಬರಲಿಲ್ಲ.